ನೀರಡಿಸಿದ ಅಂಗೈ

ಆ ಮುಂಜಾನೆ ನಿಪ್ಪಾಣಿಯ ನನ್ನ ತವರಿನ ಪಡಸಾಲೆಯಲ್ಲಿ ಇದ್ದವರು ಮೂವರು: ಬಾಣಂತಿಯಾದ ನಾನು, ಹನ್ನೆರಡು ದಿನದ ನನ್ನ ಮಗಳು, ಅವಳಿಗೆ ಎಣ್ಣೆ ಹಚ್ಚಿ ಎರೆಯಲು ಬಂದಿದ್ದ ಪಕ್ಕದ ಮನೆಯ ಬಳೆಗಾರ್ತಿ ಹಸೀನಾ ಚಾಚಿ. ನಾಲ್ಕನೆಯವಳು ಅವ್ವ. ಅವಳು ಹೊಸ್ತಿಲಾಚೆ, ಕಟ್ಟೆಯ ಮೇಲೆ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು. ನಮ್ಮ ನಡುವೆ ಒಂದು ಹಿತ್ತಾಳೆಯ ಬಟ್ಟಲಿತ್ತು. ಅದರಲ್ಲಿ ಕೂಸಿಗೆಂದು ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆ.

"ಶಾಂತಕ್ಕಾ, ಎಷ್ಟ ದಿನಾ ಅಂತ ನಾನ ಎರೀಲಿ? ಮೊಮ್ಮಗಳ ನಿಂದೋ ನಂದೋ?" ಎಂದಳು ಚಾಚಿ.

"ನಿನ್ನ ಕೈ ಬೆಣ್ಣಿ ಅದಾವಲ್ಲಬೇ. ಊರ ಹೆಣ್ಮಕ್ಕಳಿಗೆಲ್ಲಾ ಬಳಿ ಏರಿಸಿ ಏರಿಸಿ ನಿನ್ನ ಕೈಗೆ ಎಲುಬ ಇಲ್ಲದಂಗ ಆಗೇತಿ. ನನ್ನ ಕೈ ತಾಗಿದ್ರ ಕೂಸಿಗೆ ಗೀರ ಬೀಳ್ತಾವ" ಎಂದು ಅವ್ವ ತಲೆಯೆತ್ತದೆ ನಕ್ಕಳು. ನಾನೂ ನಕ್ಕೆ. ಆ ನಗು ನೆನಪಾದಾಗಲೆಲ್ಲ ಈಗ ನನ್ನ ಮೇಲೆ ನನಗೇ ಬೇಸರವಾಗುತ್ತದೆ.

ಗೆಳೆಯರೇ, ನಿಮ್ಮ ನೆನಪಿನಲ್ಲಿ ತಾಯಿಯ ಅಂಗೈ ಹೇಗಿದೆಯೋ ನಾನರಿಯೆ. ನನ್ನ ನೆನಪಿನಲ್ಲಿ ಅದು ಇಲ್ಲವೇ ಇಲ್ಲ. ಜ್ವರ ಬಂದಾಗ ಹಣೆ ಮುಟ್ಟಿ ನೋಡುವಾಗಲೂ, ಅತ್ತಾಗ ಕಣ್ಣೊರೆಸುವಾಗಲೂ ಅವ್ವ ಕೈಯನ್ನು ತಿರುವಿ ಅದರ ಹಿಂಬದಿಯಿಂದಲೇ ಸವರುತ್ತಿದ್ದಳು. ಉಳಿದ ತಾಯಂದಿರು ಮಕ್ಕಳ ಗಲ್ಲವನ್ನು ಬೊಗಸೆಯಲ್ಲಿ ತುಂಬಿಕೊಳ್ಳುವುದನ್ನು ಕಂಡಾಗ, ನಮ್ಮವ್ವ ಪ್ರೀತಿಯಲ್ಲಿಯೂ ಕೈ ಬಿಗಿಹಿಡಿಯುವವಳು ಎಂದುಕೊಂಡೇ ಬೆಳೆದೆ. ಮದುವೆಗೆ ಮುಂಚೆ ಒಮ್ಮೆ ಜಗಳದಲ್ಲಿ, "ಯಾವತ್ತರೆ ನನ್ನ ಅಂಗೈಲೆ ಮುಟ್ಟೀದ್ಯಾ ನೀ?" ಎಂದು ಕೇಳಿಯೂ ಬಿಟ್ಟಿದ್ದೆ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಬೀಡಿಯ ಎಲೆಯ ಮೇಲೆ ಅವಳಿಗಿದ್ದ ಅಕ್ಕರೆ ನೋಡಬೇಕಿತ್ತು. ಸುತ್ತುವಾಗ ಸೀಳಬಾರದೆಂದು ಅದಕ್ಕೆ ನೀರು ಕುಡಿಸುವುದು, ಹಸಿ ಅರಿವೆಯಲ್ಲಿ ಸುತ್ತಿ ನೆರಳಲ್ಲಿಡುವುದು, ಆಗಾಗ ಅರಿವೆ ಬಿಚ್ಚಿ ಮುಟ್ಟಿ ನೋಡುವುದು. ತಾನು ಮಾತ್ರ ಹೊತ್ತೇರಿದರೂ ಒಂದು ತಂಬಿಗೆ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಏಳಬೇಕು, ಎದ್ದರೆ ಕೈಯ ಲಯ ತಪ್ಪುತ್ತದೆ. ಎಣ್ಣೆಯನ್ನಂತೂ ಬೆರಳಿಗೆ ಸೋಕಿಸುವಂತಿಲ್ಲ, ಜಿಡ್ಡು ತಾಗಿದ ಬೀಡಿಯನ್ನು ಕಾರಖಾನೆಯವನು ಕಣ್ಣೆದುರೇ ಮುರಿದೊಗೆಯುತ್ತಿದ್ದ. ಹೀಗೆ ಕೈಯ ಪಸೆ ಹೀರುವ ತಂಬಾಕಿನ ಪುಡಿಯೊಂದು ಕಡೆ, ಕುಡಿಯದ ನೀರೊಂದು ಕಡೆ, ಹಚ್ಚದ ಎಣ್ಣೆಯೊಂದು ಕಡೆ ಸೇರಿ, ಯಡೂರಿನಲ್ಲಿ ಕೃಷ್ಣೆಯ ಹೊಳೆ ಇಳಿದ ಮೇಲೆ ದಂಡೆಯ ಮಣ್ಣು ಬಿರಿಯುತ್ತದಲ್ಲ, ಹಾಗೆ ಅವಳ ಅಂಗೈ ಬಿರಿದಿತ್ತು. ಸೀರೆ ಮಡಚುವಾಗ ನೂಲು ಬೆರಳಿಗೆ ಸಿಕ್ಕಿ ಚರ್ ಎನ್ನುತ್ತಿತ್ತು.

ಇಪ್ಪತ್ತನೆಯ ದಿನವೋ ಏನೋ, ಬಚ್ಚಲಿನಿಂದ ತಿಕ್ಕುವ ಸದ್ದು ಕೇಳಿ ಹೋಗಿ ನೋಡಿದೆ. ಅವ್ವ ಕುದಿಯುವಂಥ ನೀರಲ್ಲಿ ಕೈ ಅದ್ದಿ, ಬಟ್ಟೆ ಒಗೆಯುವ ಸಾಬಾನಿನಿಂದ ಉಜ್ಜುತ್ತಿದ್ದಳು. ಬಿರುಕುಗಳಲ್ಲಿ ರಕ್ತ ಜಿನುಗುತ್ತಿತ್ತು.

"ಇದೇನ ಮಾಡಾಕತ್ತೀಯವ್ವಾ?"

"ತಂಬಾಕದ ವಾಸನಿ ಹೋಗವಲ್ದು. ಹೋತಂದ್ರ ಕೂಸಿನ್ನ ಒಮ್ಮೆ ಎತ್ಕೊಬೇಕಂತ."

ದಿನಕ್ಕೆ ಮೂರು ಸಲ ಹೀಗೆ ತೊಳೆದುಕೊಳ್ಳುತ್ತಿದ್ದಳಂತೆ. ತೊಳೆದು, ತೊಟ್ಟಿಲಿನ ಬಳಿ ಬಂದು, ಕೈ ಹಿಂದಕ್ಕೆ ಕಟ್ಟಿ ನಿಂತು ನೋಡಿ ಹೋಗುತ್ತಿದ್ದಳು. ಮುಟ್ಟುವ ಆಸೆ ಹೆಚ್ಚಿದಷ್ಟೂ ತೊಳೆತ ಹೆಚ್ಚು, ತೊಳೆದಷ್ಟೂ ಚರ್ಮ ಒಣಗಿ ಮುಟ್ಟಲು ಅಂಜಿಕೆ ಹೆಚ್ಚು. ನನ್ನ ಬಾಲ್ಯವಿಡೀ ನಡೆದದ್ದು ಇದೇ ಎಂಬುದು ಆ ಬಚ್ಚಲಿನ ಬಾಗಿಲಲ್ಲಿ ನಿಂತಾಗ ನನಗೆ ತಿಳಿಯಿತು. ಕೈ ತಿರುವುತ್ತಿದ್ದದ್ದು ನಾನು ದೂರವಿರಲೆಂದಲ್ಲ. ನನ್ನ ಗಲ್ಲ ಗೀರದಿರಲೆಂದು.

ನಾನು ಅವಳ ಅಂಗೈಗೆ ಕೊಬ್ಬರಿ ಎಣ್ಣೆಯನ್ನು ಬಟ್ಟಲುಗಟ್ಟಲೆ ಹಚ್ಚಿದೆ. ಫಲ ಕಾಣಲಿಲ್ಲ. ತಿಂಗಳು ತುಂಬಿದ ಮೇಲೆ ಚಿಕ್ಕೋಡಿಯ ಚರ್ಮದ ಡಾಕ್ಟರರ ಬಳಿ ಕರೆದೊಯ್ದಾಗ ಅವರು ಅವ್ವನ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಅಜ್ಜೀ, ಇದು ನೀರಡಿಸಿದ ಕೈ ರೀ. ಒಣಾ ಕೈಗೆ ಎಣ್ಣಿ ಹಚ್ಚೂದಂದ್ರ ಖಾಲಿ ಕೊಡಕ್ಕ ಮುಚ್ಚಳಾ ಮುಚ್ಚಿದಂಗ. ಮೊದಲ ನೀರ ತುಂಬ್ರಿ, ಆಮ್ಯಾಲ ಮುಚ್ರಿ. ಉಗುರಬೆಚ್ಚಗಿನ ನೀರಾಗ ಕೈ ಇಡ್ರಿ, ಅರಿವಿಲೆ ತಿಕ್ಕಬ್ಯಾಡ್ರಿ, ಹಸಿ ಇದ್ದಾಗನ ಎಣ್ಣಿ ಹಚ್ರಿ. ಬಟ್ಟಿ ಸಾಬಾನ ಮುಟ್ಟಬ್ಯಾಡ್ರಿ. ನೀರಡಿಕೆ ಆಗೂತನಕ ಕಾಯಬ್ಯಾಡ್ರಿ, ಆಗಾಗ ನೀರ ಕುಡೀರಿ. ಬೀಡಿ ಸುತ್ತೂದ ಬಿಟ್ರ ಭಾಳ ಚೊಲೊ."

ಸುದ್ದಿ ಕೇಳಿದ ಚಾಚಿ ಹಣೆ ಬಡಿದುಕೊಂಡಳು. "ಎಲಿಗೆ ಮಾಡೂದೆಲ್ಲಾ ಕೈಗೆ ಮಾಡಂತ ಹೇಳ್ಯಾರ, ಅಷ್ಟ! ಇಷ್ಟ ವರ್ಷ ಎಲಿಗೆ ಇದ್ದ ಕಿಮ್ಮತ್ತ ನಿನಗ ಇರಲಿಲ್ಲೇನಬೇ ಶಾಂತಕ್ಕಾ?"

 ಮರುದಿನ ಅವ್ವ ಬೀಡಿಯ ಮೊರವನ್ನು ಗೂಟಕ್ಕೆ ತೂಗುಹಾಕಿದಳು. ಐದನೆಯ ತಿಂಗಳಿಗೆ ನಾನು ಕಬ್ಬೂರಿನ ಗಂಡನ ಮನೆಗೆ ಹೊರಡಬೇಕು. ಅಷ್ಟರೊಳಗೆ ಒಮ್ಮೆಯಾದರೂ ಮೊಮ್ಮಗಳಿಗೆ ಎರೆಯಬೇಕೆಂಬುದು ಅವಳ ಹಟ. ಮಗುವಿನಂತೆ ನೀರಿನ ಬೋಗುಣಿಯಲ್ಲಿ ಕೈಯಿಟ್ಟು ಕೂರುತ್ತಿದ್ದಳು. ನಾನು ಹಸಿ ಅಂಗೈಗೆ ಎಣ್ಣೆ ಸವರುತ್ತಿದ್ದೆ. ಬಿರುಕುಗಳು ಮೆಲ್ಲಗೆ ಕೂಡಿಕೊಂಡವು. ಚರ್ಮ ಎಷ್ಟು ಕ್ಷಮಾಶೀಲ ನೋಡಿ, ಎಷ್ಟೋ ವರ್ಷದ ಬಾಯಾರಿಕೆಯನ್ನು ನಾಲ್ಕು ತಿಂಗಳ ಉಪಚಾರಕ್ಕೆ ಮರೆತುಬಿಟ್ಟಿತು. ನಾವಾಡಿದ ಮಾತಿಗೆ ಅಂಥ ಎಣ್ಣೆ ಎಲ್ಲಿಯೂ ಸಿಗಲಿಲ್ಲ. ಆ ಜಗಳದ ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ದಿನಾಲು ಅವಳ ಕೈ ಹಿಡಿದಾಗ ಅಂದುಕೊಳ್ಳುತ್ತಿದ್ದೆ; ದಿನಾಲು ನಾಳೆಗೆ ಮುಂದೂಡುತ್ತಿದ್ದೆ.

ಹೊರಡುವ ಹಿಂದಿನ ದಿನ ಅವ್ವ ಕಾಲು ಚಾಚಿ ಕೂತಳು. ಚಾಚಿ ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿ, "ಈಗ ನಿನ್ನ ಕೈನೂ ಬೆಣ್ಣಿ ಆಗ್ಯಾವ, ಹಚ್ಚ" ಎಂದಳು. ಅವ್ವ ಬಟ್ಟಲಿಗೆ ಬೆರಳದ್ದಿದಳು. ಕೂಸಿನ ಗಲ್ಲದ ಹತ್ತಿರ ಬಂದ ಕೈ ಅಲ್ಲಿಯೇ ನಿಂತಿತು, ಆಮೇಲೆ ತಾನಾಗಿ ತಿರುಗಿಕೊಂಡು ಹಿಂಬದಿಯಿಂದ ಸವರಿತು. ಅವಳಿಗೇ ನಗು ಬಂತು. "ಈ ಕೈಗೆ ಇಷ್ಟೇ ಗೊತ್ತೈತಿ ನೋಡು" ಎಂದಳು. ಕೂಸಿನ ಮೈಗೆಲ್ಲ ಅಂಗೈಯಿಂದ ತಿಕ್ಕಿ ಎರೆದಳು. ಗಲ್ಲಕ್ಕೆ ಮಾತ್ರ ಕೊನೆಯವರೆಗೂ ಕೈಯ ಹಿಂಬದಿಯೇ.

ನಾನು ತವರಿಗೆ ಹೋದಾಗಲೆಲ್ಲ ಹಾಗೆಯೇ ನಡೆಯಿತು, ಒಂದೂವರೆ ವರ್ಷ. ಆಮೇಲೆ ಅವ್ವ ತೀರಿಕೊಂಡಳು.

ಹಿತ್ತಾಳೆಯ ಬಟ್ಟಲನ್ನು ಕಬ್ಬೂರಿಗೆ ತಂದುಕೊಂಡೆ. ಮೊನ್ನೆ ಅದರಲ್ಲಿ ಎಣ್ಣೆ ಬೆಚ್ಚಗೆ ಮಾಡಿ, ಬಿಸಿ ನೋಡಲು ಬೆರಳದ್ದಿ, ಹಚ್ಚದೆ ಸುಮ್ಮನೆ ಕೂತುಬಿಟ್ಟಿದ್ದೆ. ಎದುರಿಗೆ ಕೂತಿದ್ದ ಮಗಳು ನನ್ನ ಮುಖವನ್ನೇ ನೋಡಿದಳು. ಎದ್ದು ಹತ್ತಿರ ಬಂದು, ಪುಟ್ಟ ಕೈಯನ್ನು ತಿರುವಿ, ಅದರ ಹಿಂಬದಿಯಿಂದ ನನ್ನ ಕಣ್ಣೊರೆಸಿದಳು.