ಅಕ್ಕೋರು ಕಳಿಸಿದ ಫೋಟೋ

ನಮ್ಮೂರ ಅಂಗನವಾಡಿ ನಡೆಸುತ್ತಿದ್ದ ಅಕ್ಕೋರ ಎಡಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟು ಮಾಗಿದ ಚರ್ಮ, ಎಣ್ಣೆ ಸವರಿದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಅಂಗನವಾಡಿಯಲ್ಲಿ ಕುದಿಯುವ ಬೇಳೆಯ ಪಾತ್ರೆ ವಾಲಿದಾಗ, ಪಕ್ಕದಲ್ಲಿ ಕೂತಿದ್ದ ಕೂಸಿನ ಮೇಲೆ ಬೀಳದಂತೆ ಕೈ ಅಡ್ಡ ಒಡ್ಡಿದ್ದರಂತೆ. ಅವರಾಗಿ ಅದನ್ನು ಯಾರಿಗೂ ಹೇಳಿದವರಲ್ಲ. ನನಗೆ ಹೇಳಿದ್ದು ನನ್ನ ಅತ್ತೆ.

ನಾನು ಶಲವಡಿಯಿಂದ ಮದುವೆಯಾಗಿ ಯಮನೂರಿನ ಆಚೆಗಿನ ಈ ಊರಿಗೆ ಬಂದವಳು. ಮನೆಯವರನ್ನು ಬಿಟ್ಟರೆ ನನ್ನ ಹೆಸರು ಕೇಳಿದ ಮೊದಲ ಮನುಷ್ಯರು ಅಕ್ಕೋರು. ನಮ್ಮ ಮುಸಲ್ಮಾನರ ಓಣಿಗೆ ಬಂದಾಗ ಬಾಗಿಲಲ್ಲೇ ನಿಂತು, "ಸರಕಾರ ಬಂದೈತಿ, ಬಾಗಲಾ ತಗೀರಿ" ಎಂದು ಕೂಗುವುದು ಅವರ ರೂಢಿ. ತೆಗೆದರೆ ಸೀದಾ ಅಡುಗೆಮನೆಯವರೆಗೆ ಬಂದು ಗಡಿಗೆಯ ಮುಚ್ಚಳ ಸರಿಸಿ ನೋಡುತ್ತಿದ್ದರು. ಬಸುರಿ ಉಂಡಳೇ, ಕೂಸಿಗೆ ಚುಚ್ಚುಮದ್ದು ಆಯಿತೇ, ಮುದುಕಿಗೆ ಪಿಂಚಣಿ ಯಾಕೆ ನಿಂತಿದೆ, ಎಲ್ಲ ವಿಚಾರಿಸುತ್ತಿದ್ದರು. ನಾವು ಸರ್ಕಾರ ಎಂದು ಕಂಡದ್ದು ಅವರನ್ನೇ. ಹತ್ತಿಯ ಸೀರೆ ಉಟ್ಟು, ಬಿಸಿಲಲ್ಲಿ ನಡೆದು ಬಂದು, ನೀರು ಕೇಳಿ ಕುಡಿಯುವ ಹೆಂಗಸು.

ಮಕ್ಕಳ ತೂಕವನ್ನು ಅವರು ಎಲ್ಲರೆದುರು ಮಾಡುತ್ತಿರಲಿಲ್ಲ. ಅಕ್ಕಿ ಚೀಲ ಇಡುವ ಒಳಕೋಣೆಯಲ್ಲಿ ತಕ್ಕಡಿ ತೂಗುಹಾಕಿ, ಒಬ್ಬೊಬ್ಬ ತಾಯಿಯನ್ನೇ ಕರೆದು, ಎಷ್ಟಾಯಿತೆಂದು ಕಿವಿಯ ಹತ್ತಿರ ಹೇಳುತ್ತಿದ್ದರು. ಯಾರಾದರೂ ಇಣುಕಿದರೆ, "ಕೂಸಿನ ತೂಕ ಅಂದ್ರ ಆ ಮನೀ ಮಾತು, ನಿನಗೇನು ಬೇಕವಾ?" ಎಂದು ಹೊರಗೆ ಕಳಿಸುತ್ತಿದ್ದರು.

ಆಮೇಲೆ ಫೋನು ಬಂತು. ಬಿಸಿ ಹಾಲಿನ ಬಟ್ಟಲು ಹಿಡಿದವರಂತೆ ಅದನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಕೂಸಿನ ತೂಕ, ಎತ್ತರ, ಹಿಟ್ಟಿನ ಪೊಟ್ಟಣ ಒಯ್ಯುವ ತಾಯಿಯ ಮುಖ, ಎಲ್ಲವೂ ಅದರೊಳಗೆ ಹೋಗಬೇಕಿತ್ತು. ನಮ್ಮ ಓಣಿಯ ಸೊಸೆಯಂದಿರು ಮುಖದ ಮೇಲಿನ ಪರದೆ ಸರಿಸಿ ಕ್ಯಾಮೆರಾದ ಮುಂದೆ ನಿಲ್ಲುವಾಗ, ಕಟ್ಟೆಯ ಮೇಲೆ ಕೂತ ಗಂಡಸರನ್ನು ಮೊದಲು ಎಬ್ಬಿಸಿ ಕಳಿಸುತ್ತಿದ್ದರು. ತೂಕ ನೋಡಿ ಫೋನು ಮಕ್ಕಳಿಗೆ ಬಣ್ಣ ಹಚ್ಚುತ್ತಿತ್ತು. ಚೆನ್ನಾಗಿದ್ದರೆ ಹಸಿರು, ಸ್ವಲ್ಪ ಇಳಿದರೆ ಹಳದಿ, ಬಹಳ ಸೊರಗಿದ್ದರೆ ಕೆಂಪು. ಕೆಂಪು ಬಂದರೆ ಫೋನಿನ ಆ ತೆರೆಯ ಫೋಟೋ ತೆಗೆದು, ಫೋನಿನಲ್ಲೇ ಇದ್ದ ಮೇಲಧಿಕಾರಿಗಳ ಗುಂಪಿಗೆ ಕಳಿಸಬೇಕು. ಊರಿನ ತಾಯಂದಿರದ್ದೂ ಒಂದು ಗುಂಪಿತ್ತು, ಆಹಾರ ಬಂದಿದೆ, ಲಸಿಕೆ ಇದೆ ಎಂದು ತಿಳಿಸಲು.

ಆ ವರ್ಷ ನನ್ನ ಮಗಳು ರೇಷ್ಮಾಗೆ ಜ್ವರ ಬಂದು, ಇಳಿದು, ಮತ್ತೆ ಬಂತು. ತುತ್ತು ಬಾಯಿಗಿಟ್ಟರೆ ಉಗುಳುತ್ತಿದ್ದಳು. ತಕ್ಕಡಿಯ ಜೋಳಿಗೆಯಲ್ಲಿ ಅವಳ ಕಾಲು ಕಡ್ಡಿಯ ಹಾಗೆ ಇಳಿಬಿದ್ದದ್ದು ನೋಡಿ ನಾನು ಗೋಡೆಯ ಕಡೆ ತಿರುಗಿದೆ. ಅಕ್ಕೋರು ನನ್ನ ಬೆನ್ನ ಮೇಲೆ ಕೈಯಿಟ್ಟು, "ಜ್ವರಕ್ಕ ಸೊರಗ್ಯಾಳ, ಸುಧಾರಸ್ತಾಳ" ಎಂದರು. ಆಮೇಲೆ ಫೋಟೋ ಕಳಿಸಿದರು. ಕಳಿಸಿದ್ದು ತಾಯಂದಿರ ಗುಂಪಿಗೆ.

ಅದರಲ್ಲಿ ಮಗಳ ಹೆಸರಿತ್ತು, ನನ್ನ ಹೆಸರಿತ್ತು, ಎರಡರ ಮೇಲೂ ಕೆಂಪು ಪಟ್ಟಿ ಇತ್ತು. ತಾಯಂದಿರ ಗುಂಪು ಎನ್ನುವುದು ಹೆಸರಿಗೆ ಮಾತ್ರ. ನಮ್ಮಲ್ಲಿ ಫೋನು ಇರುವುದು ಗಂಡಸರ ಕಿಸೆಯಲ್ಲಿ. ನನ್ನ ಮೈದುನ ಅದನ್ನು ಚಾದಂಗಡಿಯಲ್ಲಿ ನೋಡಿದ, ನಾಲ್ಕು ಜನರ ನಡುವೆ. ಅಕ್ಕೋರಿಗೆ ಗೊತ್ತಾಗಿ ಅಳಿಸುವಷ್ಟರಲ್ಲಿ ಊರು ನೋಡಿ ಮುಗಿದಿತ್ತು.

ಯಾರೂ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ತಿರುಗಿ ಅನ್ನಬಹುದಿತ್ತು. ನಾನು ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದೆ. ಜಂಪರು ಹೊಲಿಸಲು ಬಂದ ಹೆಂಗಸರು ಅಳತೆ ಕೊಡುತ್ತ ಕೂಸಿನ ಕಡೆ ನೋಡುತ್ತಿದ್ದರು. ಹಿಂದಿನ ಮನೆಯಾಕೆ ತಾಟಿನಲ್ಲಿ ರೊಟ್ಟಿ ಪಲ್ಲೆ ತಂದು, "ಕೂಸಿಗೆ" ಎಂದು ಇಟ್ಟು ಹೋದಳು. ಒಳ್ಳೆಯ ಮನಸ್ಸಿನಿಂದಲೇ ತಂದದ್ದು. ಆ ತಾಟು ತೊಳೆದು, ಓಣಿ ಖಾಲಿಯಾಗುವವರೆಗೆ ಕಾದು ವಾಪಸು ಕೊಟ್ಟು ಬಂದೆ. ಹೆತ್ತು, ಉಣಿಸಲು ಬಾರದವಳು ಎಂದು ಹಣೆಯ ಮೇಲೆ ಬರೆಸಿಕೊಂಡು ತಿರುಗಿದ ಹಾಗಿತ್ತು.

ಸಂಜೆ ಅಕ್ಕೋರು ಬಂದರು. ಅಂದು ಅವರು ಕೂಗಲಿಲ್ಲ, ಬಾಗಿಲು ಮೆಲ್ಲಗೆ ಬಡಿದರು. ನನ್ನ ಗಂಡ ಬಾಗಿಲು ತೆರೆಯದೆ ಒಳಗಿನಿಂದಲೇ, "ಹೋಗ್ರಿ" ಎಂದ. ಮೈದುನ ಆಗಲೇ ಸರ್ಕಾರದ ದೂರಿನ ಜಾಲತಾಣದಲ್ಲಿ ಫೋನಿನಿಂದಲೇ ದೂರು ಹಾಕಿದ್ದ. ದೂರು ಸಿಕ್ಕಿದೆ ಎಂದು ಆ ಕ್ಷಣವೇ ಉತ್ತರ ಬಂತು. ಹಿಂದಿನ ಕಾಲವಾಗಿದ್ದರೆ ಬಸ್ಸು ಹಿಡಿದು ತಾಲೂಕಿಗೆ ಹೋಗುವಷ್ಟರಲ್ಲಿ ಅವನ ಅರ್ಧ ಸಿಟ್ಟು ಇಳಿದಿರುತ್ತಿತ್ತು.

ಮರುದಿನ ಬೆಳಿಗ್ಗೆ ಅದೇ ಗುಂಪಿಗೆ ಅಕ್ಕೋರ ದನಿ ಬಂತು. ಟೈಪು ಮಾಡಲು ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ.

"ನಾ ಅಂಗನವಾಡಿ ಅಕ್ಕೋರು ಮಾತಾಡಾಕತ್ತೀನಿ. ನಿನ್ನಿ ನಾ ಒಬ್ಬ ತಾಯಿ ಮರ್ಯಾದಿ ತಗದೇನಿ. ತಪ್ಪು ಫೋನಿಂದಲ್ಲ, ನಂದ. ಆ ಕೂಸಿಗೆ ಜ್ವರ ಬಂದು ಸೊರಗೈತಿ. ತಾಯಿ ತಾ ಉಪಾಸ ಇದ್ದು ಅದಕ್ಕ ಉಣಸಾಕ ಬಡದಾಡಿದ್ದು ನಾ ಕಣ್ಣಾರೆ ನೋಡೇನಿ. ಯಾರರ ಆಕಿಗೆ ಏನರ ಅನ್ನೂದಿದ್ರ ಮೊದಲ ನನಗ ಅನ್ರಿ."

ಓಣಿಯ ಒಂದೊಂದು ಮನೆಯಿಂದಲೂ ಆ ದನಿ ಕೇಳುತ್ತಿತ್ತು. ಒಲೆಯ ಮುಂದೆ ಕೂತಿದ್ದ ನಾನು ಸೆರಗಿನಿಂದ ಕಿವಿ ಮುಚ್ಚಿಕೊಂಡೆ. ಮರೆಯಲು ಹೊರಟವರಿಗೂ ಮತ್ತೆ ನೆನಪಿಸಿದರಲ್ಲ ಎನಿಸಿತು. ಮಧ್ಯಾಹ್ನ ಅವರು ಮತ್ತೆ ಬಂದಾಗ ಅತ್ತೆಯೇ ಎದ್ದು ಬಾಗಿಲು ತೆರೆದರು. ಎಲ್ಲರಿಗೂ ಯಾಕೆ ಹೇಳಿದಿರಿ, ನನಗೊಬ್ಬಳಿಗೆ ಹೇಳಿದ್ದರೆ ಸಾಕಾಗುತ್ತಿರಲಿಲ್ಲವೇ ಎಂದು ನಾನು ಅವರ ಮೇಲೆ ಹರಿಹಾಯ್ದೆ.

"ಊರ ಮುಂದ ಹೋದ ಮರ್ಯಾದಿ ತಂಗಿ," ಎಂದರು, "ನಾ ನಿನ್ನ ಅಡಗಿಮನ್ಯಾಗ ಕುಂತು ಮಾಫಿ ಕೇಳಿದ್ರ ತಿರುಗಿ ಬರತೈತೇನು?"

ಅಲ್ಲಿಂದ ಮುಂದೆ ಅವರೇ ದಿನವೂ ಮನೆಗೆ ಬಂದು, ರೇಷ್ಮಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತತ್ತಿ ಕಿವುಚಿ ಅನ್ನದಲ್ಲಿ ಕಲಸಿ ಉಣಿಸಿದರು. ಕೂಸು ಕೇಂದ್ರಕ್ಕೆ ಬಂದು ಉಂಡರೆ ಮಾತ್ರ ಫೋನಿನಲ್ಲಿ ಹಾಜರಿ. ನಮ್ಮ ಮನೆಯಲ್ಲಿ ಉಣಿಸಿದ್ದಕ್ಕೆ ಲೆಕ್ಕವಿರಲಿಲ್ಲ. ಮೇಲಿನವರು ಕೇಳಿದಾಗ ಕೂಸು ಬಂದಿಲ್ಲವೆಂದೇ ಹೇಳಿ ಬೈಸಿಕೊಂಡರು. ಬರಬರುತ್ತ ಮಗಳು ತಾನೇ ಬಾಯಿ ತೆರೆಯತೊಡಗಿದಳು.

ಅಷ್ಟರಲ್ಲಿ ದೂರಿನ ವಿಚಾರಣೆಗೆ ಕರೆ ಬಂತು. ಗಂಡಸರು ಹೊರಟಿದ್ದರು. ಅತ್ತೆ ಅವರನ್ನು ತಡೆದು ನನ್ನನ್ನು ಕರೆದುಕೊಂಡು ಹೋದರು. ತಾಲೂಕಿನ ಕಚೇರಿಯಲ್ಲಿ ಅಕ್ಕೋರು ಗೋಡೆಗೆ ಒರಗಿ ನಿಂತಿದ್ದರು. ಖುರ್ಚಿ ಖಾಲಿ ಇದ್ದರೂ ಕೂತಿರಲಿಲ್ಲ. ಅಧಿಕಾರಿ ಸಣ್ಣ ವಯಸ್ಸಿನ ಹುಡುಗಿ, ಕೆಟ್ಟವಳಲ್ಲ. ಕಂಪ್ಯೂಟರ್ ನೋಡುತ್ತಲೇ, ಕ್ರಮ ಕೈಗೊಂಡರೆ ನಿಮಗೆ ತೃಪ್ತಿಯೋ ಇಲ್ಲವೋ, ಎರಡರಲ್ಲಿ ಒಂದು ಹೇಳಿ ಎಂದಳು.

"ಹೋಗಿದ್ದು ನನ್ನ ಹೆಸರ್ರಿ ಮೇಡಮ್," ಎಂದೆ. "ಅದಕ್ಕ ನಾ ಹೇಳೂದು ಕೇಳ್ರಿ. ನನ್ನ ಕೂಸಿನ್ನ ತೂಕಕ್ಕ ಹಾಕೂದಾದ್ರ ಇವರ ಕೈಯಾಗ ಹಾಕತೇನ್ರಿ. ಬ್ಯಾರೇದವರ ಕೈಯಾಗ ಹಾಕಂಗಿಲ್ಲ."

ಹುಡುಗಿ ಮೊದಲ ಸಲ ಕಂಪ್ಯೂಟರ್ ಬಿಟ್ಟು ನಮ್ಮ ಕಡೆ ನೋಡಿದಳು. ಆದರೂ ದೂರು ಮುಗಿಯಬೇಕಾದರೆ ಏನಾದರೂ ತುಂಬಲೇಬೇಕಿತ್ತು. ಎಚ್ಚರಿಕೆ ಎಂದು ತುಂಬಿದಳು. ಬಸ್ಸಿನಲ್ಲಿ ಬರುವಾಗ ಅಕ್ಕೋರು ಕಿಟಕಿಯಾಚೆಯ ಕಪ್ಪು ಹೊಲಗಳನ್ನು ನೋಡುತ್ತ ಕೂತರು.

ಆಮೇಲೆ ಪ್ರತಿ ತಿಂಗಳು ತೂಕದ ದಿನ ಅವರು ಫೋನು ಹಿಡಿದು ನನ್ನ ಹತ್ತಿರ ಬರುತ್ತಿದ್ದರು. "ಯಾವ ಗುಂಪಿಗೆ ಹೊಂಟೈತಿ ನೋಡವಾ" ಎಂದು ತೋರಿಸಿ, ನಾನು ಹೌದೆಂದ ಮೇಲೆಯೇ ಒತ್ತುತ್ತಿದ್ದರು. ಹಾಗೆ ಊರಿನ ಎಷ್ಟೋ ಕೆಂಪು ಹೆಸರುಗಳು ನನ್ನ ಕಣ್ಣ ಮುಂದೆ ಹಾದುಹೋದವು. ಯಾರಿಗೂ ಹೇಳಬೇಡ ಎಂದು ಅವರು ಒಮ್ಮೆಯೂ ನನಗೆ ಹೇಳಲಿಲ್ಲ. ಒಮ್ಮೆ ರೊಟ್ಟಿ ತಂದಿಟ್ಟಿದ್ದ ಹಿಂದಿನ ಮನೆಯಾಕೆಯ ಮೊಮ್ಮಗನ ಹೆಸರು ಕಂಡ ದಿನ, ಅವಳ ಕಣ್ಣಿಗೆ ಬೀಳಬಾರದೆಂದು ನಾನು ಬಹಳ ಹೊತ್ತು ಮನೆಯಿಂದ ಹೊರಗೆ ಬರಲಿಲ್ಲ.

ನಿವೃತ್ತಿಯಾದ ಮೇಲೆ ಅವರು ಹಾಸಿಗೆ ಹಿಡಿದರು. ನೋಡಲು ಹೋದಾಗ ರೇಷ್ಮಾ ಶಾಲೆಯಲ್ಲಿ ಖೋ ಖೋ ಆಡುತ್ತಾಳೆಂದು ಹೇಳಿದೆ, ಕಣ್ಣರಳಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಆ ಫೋಟೋದ ಮಾತು ಎತ್ತಿದರು. ನಾನು ಅವರ ಕೈ ಹಿಡಿದು, "ಅಕ್ಕೋರ, ನಾ ಅದನ್ನ ಎಂದೋ ಬಿಟ್ಟೇನ್ರಿ" ಎಂದೆ.

"ನೀ ಬಿಟ್ಟೀ ತಂಗಿ," ಎಂದರು. "ನಾ ಬಿಡಬಾರದು."

ಅವರು ತೀರಿಕೊಂಡ ದಿನ ಗೋಡೆಗೆ ಆನಿಸಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಅಂಗಳದಲ್ಲಿ ಊರಿನ ತಾಯಂದಿರೆಲ್ಲ ಸೇರಿದ್ದರು. ಅವರಲ್ಲಿ ಎಷ್ಟೋ ಜನರ ಮಕ್ಕಳು ಒಂದು ಕಾಲಕ್ಕೆ ಕೆಂಪಿನಲ್ಲಿದ್ದವರು. ಒಬ್ಬಳದು ಇನ್ನೊಬ್ಬಳಿಗೆ ಗೊತ್ತಿರಲಿಲ್ಲ. ತಮ್ಮ ಕೂಸು ಎಂದೂ ಹಾಗೆ ಸೊರಗಿರಲಿಲ್ಲ ಎನ್ನುವಂತೆ, ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಿಂತು ಅಳುತ್ತಿದ್ದರು. ನನಗೊಬ್ಬಳಿಗೆ ಗೊತ್ತಿತ್ತು. ಯಾರ ಮುಖವನ್ನೂ ನೋಡದೆ ನಾನು ತಲೆ ತಗ್ಗಿಸಿ ನಿಂತೆ.