ನೂರಾ ಅರವತ್ತು ವೋಲ್ಟ್

ಮಂಜುಳಾ, ನಿಮ್ಮ ರೇಷ್ಮೆಹುಳದ ಮನೆಗೆ ಬೆಂಕಿ ಬಿದ್ದದ್ದು ನಿನ್ನ ಅಪ್ಪನ ಬೀಡಿಯಿಂದಲ್ಲ. ನನ್ನಿಂದ. ಒಂಬತ್ತು ವರ್ಷ ಇದನ್ನು ಬಾಯಿಬಿಡದೆ ಬದುಕಿದೆ — ಬದುಕಿದೆ ಅನ್ನುವುದೂ ಹೆಚ್ಚಾಯಿತೇನೋ.

ಆ ಚಳಿಗಾಲ ರೇಷ್ಮೆಹುಳುಗಳು ಸೊಪ್ಪು ಮುಟ್ಟುತ್ತಿಲ್ಲವೆಂದು ನಿನ್ನ ಅಪ್ಪ ಮುನಿವೆಂಕಟಪ್ಪನವರು ಕಾಮಸಮುದ್ರದಲ್ಲಿ ಬಸ್ಸು ಹತ್ತಿ, ರಾಬರ್ಟ್‌ಸನ್‌ಪೇಟೆಯ ನನ್ನ ರಿಪೇರಿ ಅಂಗಡಿಗೆ ಬಂದರು. "ಈಟ್ರು ಉರೀತದೆ, ಕಾವೇ ಬರಾಕಿಲ್ಲ ಕಣಪ್ಪ. ಒಂದ್ಕಿತ ಬಂದು ನೋಡು" ಅಂದರು.

ಬಂದೆ. ಮೀಟರ್ ಇಟ್ಟು ನೋಡಿದರೆ ನಿಮ್ಮೂರಿಗೆ ಬರುತ್ತಿದ್ದದ್ದು ಇನ್ನೂರ ಮೂವತ್ತಲ್ಲ, ನೂರಾ ಅರವತ್ತು ವೋಲ್ಟ್. ಹೀಟರ್ ಎಳೆಯುತ್ತಿದ್ದ ಕರೆಂಟು ಮೂರು ಆಂಪಿಯರ್. ನೂರಾ ಅರವತ್ತನ್ನು ಮೂರರಿಂದ ಭಾಗಿಸಿದೆ — ಕಾಯಿಲಿನ ರೋಧ ಐವತ್ತಮೂರು ಓಮ್. ಗುಣಿಸಿದೆ — ನಾನೂರ ಎಂಬತ್ತು ವಾಟ್. ಸಾವಿರ ವಾಟಿನ ಹೀಟರು ಅರ್ಧ ಶಕ್ತಿಯನ್ನೂ ಕೊಡುತ್ತಿರಲಿಲ್ಲ. ಕಾಯಿಲನ್ನು ಅರ್ಧಕ್ಕೆ ಕತ್ತರಿಸಿದೆ. ರೋಧ ಅರ್ಧವಾಯಿತು, ಕರೆಂಟು ಆರಾಯಿತು, ಕಾವು ದುಪ್ಪಟ್ಟಾಯಿತು. ನಿನ್ನ ಅಮ್ಮ ಅಂಗೈ ಚಾಚಿ ಬಿಸಿ ನೋಡಿ ನಕ್ಕರು.

ಲೆಕ್ಕ ಅಲ್ಲಿಗೆ ಮುಗಿದಿರಲಿಲ್ಲ. ಅದು ನನಗೆ ಗೊತ್ತಿತ್ತು. ಪೂರ್ತಿ ವೋಲ್ಟೇಜ್ ಬಂದರೆ ಅದೇ ಕಾಯಿಲು ಎಂಟೂವರೆ ಆಂಪಿಯರ್ ಎಳೆಯುತ್ತದೆ, ಎರಡು ಸಾವಿರ ವಾಟಿನಷ್ಟು ಉರಿಯುತ್ತದೆ. ನಿಮ್ಮ ಗೋಡೆಯ ಹಳೇ ತೆಳು ವೈರು ಅದನ್ನು ತಾಳುವುದಿಲ್ಲ. ಆದರೆ ಈ ಊರಿಗೆ ಪೂರ್ತಿ ವೋಲ್ಟೇಜ್ ಯಾವ ಕಾಲಕ್ಕೆ ಬಂದೀತು ಅಂದುಕೊಂಡೆ...

ಹತ್ತೇ ದಿನಕ್ಕೆ ಬಂತು. ನಿಮ್ಮೂರಲ್ಲಿ ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸುತ್ತಿದ್ದಾರೆಂದು ಬೆಳಿಗ್ಗೆಯೇ ಬಸ್ಸಿನ ಕಂಡಕ್ಟರ್ ಹೇಳಿದ್ದ. ಹೀಟರ್ ಹಾಕಬೇಡಿ ಎಂದು ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಎದುರಿಗೆ ಯಾರದೋ ಬಿಚ್ಚಿಟ್ಟ ಮೋಟಾರಿತ್ತು; ಸಂಜೆಗೆ ಮಾಡಿದರಾಯಿತು ಅಂದುಕೊಂಡೆ. ಮಧ್ಯಾಹ್ನ ಹುಳದ ಮನೆ ಹತ್ತಿಕೊಂಡಿತು. ಹುಳದ ತಟ್ಟೆಗಳನ್ನು ಉಳಿಸಲು ಒಳಗೆ ನುಗ್ಗಿದ ನಿನ್ನ ಅಮ್ಮ, ಆಸ್ಪತ್ರೆಯಲ್ಲಿ, ಮೂರನೇ ದಿನ —

ಬೆಂಕಿಯ ಸುದ್ದಿ ಕೇಳಿದ ಕೂಡಲೇ ಓಡಿ ಬಂದಿದ್ದೆ. ಕರಕಲಾದ ವೈರನ್ನು ಕಂಡೊಡನೆ ನನಗೆ ಅರ್ಥವಾಯಿತು. ಗುಂಪಿನಲ್ಲಿ ಯಾರೋ "ಎಂಗತ್ಕೊಂತು?" ಅಂದರು. ಎಲ್ಲರೆದುರು ನಾನು ನಿನ್ನ ಅಪ್ಪನನ್ನು ಕೇಳಿದೆ: "ಒಳಗೇನಾದ್ರೂ ಬೀಡಿ ಸೇದಿದ್ರಾ ಅಣ್ಣ?"

ಹುಳಕ್ಕೆ ಹೊಗೆಯಾಗದೆಂದು ಅವರು ಯಾವಾಗಲೂ ಹೊರಗಿನ ಕಲ್ಲಿನ ಮೇಲೆ ಕೂತೇ ಸೇದುತ್ತಿದ್ದರು, ನಾನೇ ನೋಡಿದ್ದೆ. ಆದರೂ ಕೇಳಿದೆ. ಅವರು ತಬ್ಬಿಬ್ಬಾದರು. "ಬಾಗ್ಲಾಗೆ ಎಸೆದ್ನೇನೋ... ಗ್ಯಾನ ಇಲ್ಲ ಕಣಪ್ಪ" ಅಂದರು. ಊರಿಗೆ ಅಷ್ಟು ಸಾಕಾಯಿತು. ಅಮ್ಮ ಹೋದ ದಿನದಿಂದ ನೀನು ಅವರೊಡನೆ ಮಾತು ಬಿಟ್ಟೆ. ಕೊನೆಕೊನೆಗೆ ಅವರೂ ಅದನ್ನೇ ನಂಬಿದರು.

ಮೊನ್ನೆ ಅವರ ತಿಥಿಗೆ ಬಂದಿದ್ದೆ. ಗಂಡನ ಊರಿಂದ ಬಂದ ನೀನು ನನ್ನ ಎಲೆಗೆ ಅನ್ನ ಬಡಿಸುತ್ತ ಹೇಳಿದೆ: "ಕಡೇಗಂಟ ಅಪ್ಪನ್ನ ಮಾತಾಡುಸ್ನಿಲ್ಲ ಕಣಣ್ಣ. ಈಗ ಅವ್ರ ತಪ್ಪ ಒಟ್ಟೇಗಾಕ್ಕೊಂಡಿವ್ನಿ."

ಆ ಅನ್ನ ಉಂಡೆ, ಮಂಜುಳಾ. ಉಂಡು, ಕೈ ತೊಳೆದು, ಬಸ್ಸು ಹತ್ತಿದೆ.

ಭಾನುವಾರ ನಿಮ್ಮೂರಿಗೆ ಬರುತ್ತೇನೆ. ಬೆಂಕಿ ಬಿದ್ದ ದಿನ ನನ್ನ ಮಾತು ಕೇಳಿದವರನ್ನೆಲ್ಲ ಕರೆಸಿ, ಇದೆಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇನೆ. ನೀನೂ ಬಾ. ನನ್ನನ್ನು ಕ್ಷಮಿಸಲೆಂದು ಕರೆಯುತ್ತಿಲ್ಲ. ನಿನ್ನ ಅಪ್ಪ ಒಳಗೆ ಬೀಡಿ ಸೇದಿರಲಿಲ್ಲ. ನೀನು ಹೊಟ್ಟೆಗೆ ಹಾಕಿಕೊಳ್ಳುವಂಥ ಯಾವ ತಪ್ಪನ್ನೂ ಅವರು ಮಾಡಿರಲಿಲ್ಲ.