ಒಳಗಿನ ಸಾರಣೆ

ನೆಲ್ಲು ಹಚ್ಚುವ ಹಂಗಾಮಿನಲ್ಲಿ ಪಕ್ಕದ ಮನೆಯ ಚಿಗವ್ವನ ಬೆರಳ ತುದಿಗಳು ಗದ್ದೆಯ ನೀರಿಗೆ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಉಗುರಿನ ಸಂದಿಯಲ್ಲಿ ಮಾತ್ರ ಸಗಣಿಯ ಹಸಿರು. ಎಷ್ಟೇ ದಣಿದು ಬಂದರೂ ಅಂಗಳ ಸಾರಿಸುವುದನ್ನು ಅವಳು ತಪ್ಪಿಸಿದವಳಲ್ಲ. "ಒಂದ್ ವಾರ ಬಿಟ್ಟು ನೋಡು, ನೆಲ ಬಾಯಿ ಬಿಡತೈತಿ" ಎನ್ನುತ್ತಿದ್ದಳು.

ತುರ್ವಿಹಾಳದ ನಮ್ಮ ಓಣಿಯ ಹೆಂಗಸರ ಗುಂಪು ಕಟ್ಟಿಕೊಂಡು ನಸುಕಿನಲ್ಲೇ ಗೊರೇಬಾಳದ ಕಡೆ ನಾಟಿ ಕೂಲಿಗೆ ಆಟೋ ಹತ್ತುತ್ತಿದ್ದಳು. ಹತ್ತುವ ಮೊದಲು ಸೆರಗಿನ ಗಂಟು ಬಿಚ್ಚಿ, ಖಾಲಿ ಹೊಟ್ಟೆಗೆ, ಚಹಾದ ಜೊತೆ ಸೊಂಟನೋವಿನ ಗುಳಿಗೆ. ನಾನು ಬರೆದಿಡುತ್ತಿದ್ದ ದಿನಚರಿಯಲ್ಲಿ ಅದರ ಲೆಕ್ಕವೂ ಇದೆ: ದಿನಕ್ಕೆ ಎರಡು, ಕೆಲಸ ಹೆಚ್ಚಿದ್ದರೆ ಮೂರು.

ನಾನು ಓದುತ್ತಿದ್ದ ಸಿಂಧನೂರಿನ ಕಾಲೇಜಿನಲ್ಲಿ ಕರುಳಿನ ಪಾಠವಾದ ಸಂಜೆ ಅವಳ ಕಟ್ಟೆಯ ಮೇಲೆ ಕುಳಿತು ಹೇಳಿದೆ. ಹೊಟ್ಟೆಯ ಆಮ್ಲ ಕರುಳಿಗೆ ಇಳಿಯುತ್ತದೆ. ಸುಡದಿರಲೆಂದು ಕರುಳು ತನ್ನ ಒಳಮೈಗೆ ಲೋಳೆ ಸಾರಿಸಿಕೊಳ್ಳುತ್ತಲೇ ಇರುತ್ತದೆ. ಸೋಡಾದಂಥ ಕ್ಷಾರ ಬೆರೆಸಿ ಆಮ್ಲದ ಉರಿ ಆರಿಸುತ್ತದೆ. ಸವೆದ ಪದರವನ್ನು ಕೆಲವೇ ದಿನಗಳಲ್ಲಿ ಹೊಸದು ಮಾಡಿಕೊಳ್ಳುತ್ತದೆ. ನೋವಿನ ಗುಳಿಗೆ ಆ ಸಾರಣೆಗೇ ಅಡ್ಡ ಬರುತ್ತದೆ.

ಚಿಗವ್ವ ಸಾರಿಸುತ್ತಲೇ ಕೇಳಿಸಿಕೊಂಡಳು.

"ಹಂಗಾರ ನನ್ನ ಹೊಟ್ಟ್ಯಾಗ ಸಾರ್ಸಾಕಿ ಕೂಲಿಗೆ ಹೋಗ್ಯಾಳ ಬಿಡವ್ವ."

"ನಗಬ್ಯಾಡ ಚಿಗವ್ವ. ಆ ಗುಳಗಿ ಬಿಡು, ದವಾಖಾನ್ಯಾಗ ತೋರ್ಸು."

"ಬಿಟ್ರ ಸೊಂಟ ಬಗ್ಗಂಗಿಲ್ಲ. ಬಗ್ಗಲಾರದಾಕಿನ್ನ ಗದ್ದಿಗೆ ಯಾರ್ ಕರೀತಾರ ಬೇ? ಹಂಗಾಮ ಮುಗೀಲಿ, ಹೋಗೂಣು."

ಹಂಗಾಮು ಮುಗಿಯಲಿಲ್ಲ. ಕೆಲವು ದಿನಗಳಿಂದ ಮಲ ಕಪ್ಪಗೆ ಹೋಗುತ್ತಿದ್ದುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಒಂದು ಮುಂಜಾನೆ ಗದ್ದೆಯ ಬದುವಿನ ಮೇಲೆ ಕುಸಿದು, ನೆನೆದ ಚಹಾಪುಡಿಯಂಥ ಕಪ್ಪು ರಕ್ತ ಕಾರಿದಳು. ಸಿಂಧನೂರಿನ ಆಸ್ಪತ್ರೆಯಲ್ಲಿ, ಕರುಳಿನ ಹುಣ್ಣು ಒಡೆದಿದೆ, ತಡವಾಯಿತು ಎಂದರು. ಸಂಜೆ ನಾನು ಹೋದಾಗ ನನ್ನ ಮುಂಗೈ ಹಿಡಿದು ಹೇಳಿದ್ದು ಒಂದೇ ಮಾತು: "ಅಂಗಳ ಹಂಗ ಬಿಟ್ಟ ಬಂದೀನಿ, ನೀ ನೋಡ್ಕೋ." ಮರುದಿನ ಹೋಗಿಬಿಟ್ಟಳು.

ಹೆಣ ಎತ್ತಿದ ಮೇಲೆ ಗುಂಪಿನ ಹೆಂಗಸರು ಮನೆ ತೊಳೆದರು. ಅಂಗಳ ಸಾರಿಸಲು ನಾನೂ ಕೈಹಾಕಿದೆ. ಅವರಲ್ಲಿ ಹಿರಿಯಳು ಸೊಂಟ ಹಿಡಿದು ಎದ್ದು ಸೆರಗಿನ ಗಂಟು ಬಿಚ್ಚಿದಳು.

"ಏನರ ತಿಂದು ತಗೋರಿ" ಎಂದೆ.

"ಸತ್ತ ಮನ್ಯಾಗ ಒಲಿ ಎಲ್ಲಿ ಹಚ್ಯಾರವ್ವ" ಎಂದವಳೇ ಗುಳಿಗೆ ಬಾಯಿಗೆ ಹಾಕಿಕೊಂಡು, ಮತ್ತೆ ಬಗ್ಗಿ, ಉಳಿದ ಅಂಗಳ ಸಾರಿಸತೊಡಗಿದಳು.